ಚಪ್ಪಲಿ ಕಾಯುವ ಸರದಿ

ಅರಸೀಕೆರೆ ಸ್ಟೇಷನ್ ಎದುರಿನ ಕೋಮಲಳ ಪ್ರವಾಸದ ಅಂಗಡಿಗೆ ಬಂದವರು ಎಲ್ಲಿಗೆ ಹೋದರೆ ಚೆನ್ನ ಎಂದು ಕೇಳುತ್ತಾರೆ. ಹೊರಡುವವರು ಯಾರು ಯಾರು ಎಂದು ಅವಳು ತಿರುಗಿ ಕೇಳುತ್ತಾಳೆ. ದೇವರ ಮುಂದೆ ಕಣ್ಣು ಒದ್ದೆಯಾಗುವ ಅಜ್ಜಿಗೆ ಒಂದು ಊರು, ನೀರು ಕಂಡರೆ ಕುಣಿಯುವ ಮಕ್ಕಳಿಗೆ ಇನ್ನೊಂದು, ಊಟ ಸರಿಯಿದ್ದರೆ ಸಾಕೆನ್ನುವ ಗಂಡಸರಿಗೆ ಮತ್ತೊಂದು. ಜನರನ್ನು ಅಳೆಯುವುದರಲ್ಲಿ ಅವಳು ಎಡವಿದ್ದು ಕಡಿಮೆ.

ಆ ದಿನ ರುಕ್ಮಿಣಮ್ಮ ಒಳಗೆ ಬಂದಾಗ ಮಾತ್ರ ಅವಳ ಹಳೆಯ ಸಿಟ್ಟು ಕೆರಳಿತು. ರುಕ್ಮಿಣಮ್ಮ ಅವಳ ವಾರಗಿತ್ತಿ, ಗಂಡನ ಅಣ್ಣ ಚನ್ನಪ್ಪನ ಹೆಂಡತಿ. ಕೋಮಲ ಮದುವೆಯಾದ ಹೊಸತರಲ್ಲಿ ಮನೆಮಂದಿಯೆಲ್ಲ ಬೇಲೂರಿಗೆ ಹೋಗಿದ್ದರು. ಗುಡಿಯ ಬಾಗಿಲಲ್ಲಿ ಚಪ್ಪಲಿ ಕಾಯುವವನಿದ್ದರೂ ರುಕ್ಮಿಣಮ್ಮನಿಗೆ ಯಾರ ಮೇಲೂ ನಂಬಿಕೆಯಿಲ್ಲ. "ಇವಳಿಗೆ ಕಲ್ಲು ನೋಡೋ ಆಸೆ ಎಲ್ಲೈತೆ, ಇಲ್ಲೇ ಕೂತಿರ್ಲಿ," ಎಂದು ಎಲ್ಲರೆದುರೇ ಹೇಳಿ, ಮನೆಯವರ ಚಪ್ಪಲಿಗಳ ಪಕ್ಕ ಅವಳನ್ನು ಕೂರಿಸಿ ಹೋದಳು. ಹಳೇಬೀಡಲ್ಲೂ ಅದೇ ಪಾಡು. ಗಂಡನೆನ್ನುವ ಪ್ರಾಣಿಯೂ ತನ್ನ ಚಪ್ಪಲಿ ಅವಳ ಪಕ್ಕ ಬಿಟ್ಟೇ ಒಳಗೆ ಹೋಯಿತು. ಈ ರುಕ್ಮಿಣಮ್ಮ ಹೊರಗೆ ಕೂರುವ ದಿನವೇ ತಾನು ಆ ಗುಡಿಯೊಳಗೆ ಕಾಲಿಡುವುದು ಎಂದು ಕೋಮಲ ಅಂದೇ ಹಟ ತೊಟ್ಟಳು. ಆಮೇಲೆ ನೂರಾರು ಜನರನ್ನು ಬೇಲೂರಿಗೆ ಕಳಿಸಿದಳು, ತಾನು ಹೊಸ್ತಿಲು ದಾಟಲಿಲ್ಲ.

ಈಗ ರುಕ್ಮಿಣಮ್ಮನಿಗೆ ಅದೇ ಪ್ರವಾಸ ಬೇಕಾಗಿತ್ತು. ಮಗ ಶರತ್‌ಗೆ ಮದುವೆಯಾಗಿತ್ತು, ಸೊಸೆ ಹೇಮಾಶ್ರೀ ಬಂದಿದ್ದಳು. "ಸಾಮಾನು ನೋಡ್ಕಳಕ್ಕೆ ಸೊಸೆ ಇರ್ತಾಳೆ ಬಿಡು, ಅವಳಿಗೆ ಅದೆಲ್ಲ ರುಚಿಸಾಕಿಲ್ಲ," ಎಂದಳು. ಕೋಮಲಳಿಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ ಟೀ ತರಿಸಿದಳು.

ಪ್ರತಿಯೊಬ್ಬರ ಒಲವನ್ನೂ ವಿಚಾರಿಸಿ ಪ್ರವಾಸ ಹೊಂದಿಸಿದಳು. ಚನ್ನಪ್ಪನಿಗೆ ನೀರಿನ ದಡದಲ್ಲಿ ಸುಮ್ಮನೆ ಕೂರುವುದು ಇಷ್ಟ, ಅವನಿಗೆ ಹಳೇಬೀಡಿನ ಕೆರೆ ಏರಿ. ರಜೆಗೆ ಬಂದಿದ್ದ ಮಗಳ ಮಕ್ಕಳಿಗೆ ಹುಲಿಕೆರೆಯ ಕಲ್ಯಾಣಿ. ಹೊಸ ಜೋಡಿಗೆ ಬೇಲೂರಿನ ಒಂದೊಂದು ಕಲ್ಲಿನ ಕತೆಯನ್ನೂ ಹೇಳುವ ಗೈಡು, ಅದು ಮದುವೆಗೆ ತನ್ನ ಉಡುಗೊರೆ. ಮಂಡಿನೋವಿನ ವಾರಗಿತ್ತಿಗೆ ಎಲ್ಲೆಲ್ಲೂ ನೆರಳು, ವಿಶ್ರಾಂತಿ. ತನ್ನ ಮೇಲೆ ಇಷ್ಟೊಂದು ಕಾಳಜಿಯೇ ಎಂದು ರುಕ್ಮಿಣಮ್ಮ ಹಿಗ್ಗಿದಳು.

ಹೊರಟ ದಿನ ಕೋಮಲಳೂ ಜೊತೆಗೆ ಬಂದಳು. ಬೇಲೂರಲ್ಲಿ ಎಲ್ಲರೂ ಇಳಿದ ಮೇಲೆ ಗಾಡಿ ದೂರ ಹೋಗಿ ನಿಂತಿತು, ಚಪ್ಪಲಿ ಅದರಲ್ಲಿ ಬಿಡುವ ಹಾಗಿರಲಿಲ್ಲ. ಗೈಡು ಶರತ್, ಹೇಮಾಶ್ರೀ ಎಂದು ಹೆಸರು ಹಿಡಿದೇ ಕರೆದ. ಸೊಸೆ ಚಪ್ಪಲಿ ಬಿಟ್ಟವಳೇ ಗಂಡನ ಕೈ ಹಿಡಿದು ಒಳಗೆ ಹೊರಟಳು. ಹಿಂದೆಯೇ ಮೊಮ್ಮಕ್ಕಳು, ಅವರ ಹಿಂದೆ ಚನ್ನಪ್ಪ. ರುಕ್ಮಿಣಮ್ಮ ಸೊಸೆಯನ್ನು ಕೂಗುವಷ್ಟರಲ್ಲಿ ಅಂಗಳ ಖಾಲಿ. ಕಾಲಬುಡದಲ್ಲಿ ಎಲ್ಲರ ಚಪ್ಪಲಿ ಬಿದ್ದಿತ್ತು.

ಚಪ್ಪಲಿ ಕಾಯುವವನನ್ನು ತೋರಿಸಿ, ಕೊಟ್ಟು ಬನ್ನಿ ಎಂದು ಕೋಮಲ ಮನಸಾರೆಯೇ ಕರೆದಳು. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊಸ ಚಪ್ಪಲಿ, ಯಾರಾದರೂ ಹೊಡೆದುಕೊಂಡು ಹೋದರೆ ಎಂದು ರುಕ್ಮಿಣಮ್ಮ ಅಲ್ಲೇ ಜಗಲಿಯ ಮೇಲೆ ಕುಸಿದಳು.

"ನೀನಾದ್ರೂ ಇಲ್ಲಿ ಕೂತ್ಕಳೇ. ನಿಂಗೇನು, ದಿನಾ ನೋಡಿರೋದೇ ಅಲ್ವಾ?"

"ಇಲ್ಲ ಅಕ್ಕ. ನಾನಿನ್ನೂ ನೋಡಿಲ್ಲ."

ಕೋಮಲ ತನ್ನ ಚಪ್ಪಲಿ ಕಳಚಿ, ಬಗ್ಗಿ, ವಾರಗಿತ್ತಿಯ ಪಾದದ ಮುಂದೆ ಜೋಡಿಸಿಟ್ಟಳು.

"ಇವನ್ನೂ ನೋಡ್ಕಳಿ," ಎಂದು ಹೊಸ್ತಿಲು ದಾಟಿದಳು.