ಬಟಾಣಿಯ ಹಾಡು

ಒಳಕೋಣೆಯ ಬಾಗಿಲಿಗೆ ಕೆಂಪು ಟವೆಲ್ ಬಿತ್ತು ಅಂದರೆ ನಾನು ಡ್ರೈಯರ್ ಆರಿಸಬೇಕು. ಗಿರಾಕಿಗಳು ಒದ್ದೆ ತಲೆ ಇಟ್ಟುಕೊಂಡು ಉಸಿರೆತ್ತದೆ ಕೂತಿರಬೇಕು. ಇದು ನನ್ನ ತಂಗಿ ಮಾಡಿದ ಕಾನೂನು. ಮನೆಯ ಮುಂಭಾಗದ ಪಾರ್ಲರ್ ನನ್ನದು, ಟವೆಲ್ ನನ್ನದು, ಕಾನೂನು ಮಾತ್ರ ಅವಳದು. ಮುದ್ದು ಮಾಡಿ ತಲೆ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.

ಒಳಗೆ ಅವಳ ಬ್ಯಾಂಡು ಮೊದಲನೇ ಆಲ್ಬಂ ರೆಕಾರ್ಡ್ ಮಾಡುತ್ತಿತ್ತು. ಬ್ಯಾಂಡು ಅಂದರೆ ಮೂರೇ ಜನ. ಹಾಡುವವಳು ತಂಗಿ. ಗಿಟಾರಿನವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮುತ್ತು ಉದುರುತ್ತದೇನೋ ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡಿರುತ್ತಾಳೆ. ಡ್ರಮ್ಮಿನವನಿಗೆ ನಾನಿಟ್ಟ ಹೆಸರು ಗುಡುಗು. ಊಟಕ್ಕೆ ಕೂತರೂ ಮೇಜು ಬಡಿಯುವ ಆಸಾಮಿ. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದು ಅಂತ ನನ್ನ ಹಳೇ ಟವೆಲ್‌ಗಳನ್ನೆಲ್ಲ ಗೋಡೆ ತುಂಬ ಮೊಳೆ ಹೊಡೆದು ತೂಗುಹಾಕಿದ್ದರು.

ಆ ಟವೆಲ್‌ಗಳ ಹಿಂದೆ ತಿಳಿಹಸಿರು ಬಣ್ಣ ಇದೆ. ಬಳಿದದ್ದು ನನ್ನ ಗಂಡ, ನಾನು ಬಸುರಿಯಾಗಿದ್ದಾಗ, ಮಗುವಿನ ಕೋಣೆ ಅಂತ. ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ನೋಡಿದರೆ ನಾನು ತಡೆದುಕೊಳ್ಳುವುದಿಲ್ಲ ಅಂತ ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿ, ನನಗೆ ಅದರ ಮುಖ ತೋರಿಸಲಿಲ್ಲ. ಮನೆಗೆ ಬಂದ ಮೇಲೆ ಆ ಮಾತನ್ನೇ ಯಾರೂ ಎತ್ತಲಿಲ್ಲ. ಅಮ್ಮ ಒಂದು ಸಲ, "ಆದದ್ದಾಯ್ತು, ಇನ್ನೊಂದಾಗುತ್ತೆ ಬಿಡು" ಅಂದಳು, ಅಷ್ಟೇ. ಕೋಣೆ ಖಾಲಿ ಬಿದ್ದಿತ್ತು. ನೀನಾದರೂ ಬಳಸಿಕೋ ಅಂತ ತಂಗಿಗೆ ಕೊಟ್ಟೆ.

ಅವತ್ತು ಬೆಳಗ್ಗಿಂದ ಒಂದೇ ಹಾಡು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಹಾಗೆ. ನಾನು ಒಬ್ಬ ಟೀಚರ ತಲೆಗೆ ಬಣ್ಣ ಹಚ್ಚುತ್ತಾ ಕಿವಿಗೆ ಹಾಕಿಕೊಳ್ಳದೆ ಇದ್ದೆ. ಅಷ್ಟರಲ್ಲಿ ಒಂದು ಸಾಲು ಬಂತು.

"ಗೆಳೆಯಾ, ನೋಡದ ಮುಖವ ಹೇಗೆ ಮರೆಯಲಿ..."

ಕೈ ಅಲ್ಲೇ ನಿಂತಿತು. ಅದು ನನ್ನ ಮಾತು. ಒಂದು ದಿನ ತಂಗಿಯ ತಲೆಗೆ ಎಣ್ಣೆ ಹಚ್ಚುವಾಗ, "ಮರೆತುಬಿಡು ಅನ್ನೋ ಹಾಗೇ ಇದ್ದಾರಲ್ಲೇ ಎಲ್ಲರೂ, ನೋಡೇ ಇಲ್ಲದ ಮುಖಾನ ಹೇಗೆ ಮರೀಲಿ?" ಅಂದಿದ್ದೆ. ಅವಳು ನನಗೆ ಬೆನ್ನು ಮಾಡಿ ಕೂತಿದ್ದಳು.

ಮೈಯೆಲ್ಲ ಉರಿದುಹೋಯಿತು. ಡ್ರೈಯರ್ ಎತ್ತಿಕೊಂಡು ಪೂರ್ತಿ ಜೋರಿಗೆ ಹಾಕಿದೆ. ಒಣಗಿಸುವುದಕ್ಕೆ ಯಾರ ಕೂದಲೂ ಇರಲಿಲ್ಲ, ಸುಮ್ಮನೆ ಕನ್ನಡಿ ಕಡೆ ಹಿಡಿದುಕೊಂಡು ನಿಂತೆ.

ಗುಡುಗು ಓಡಿ ಬಂದ. "ಅಕ್ಕಾ, ಟವೆಲ್ ಹಾಕಿದ್ದೀವಲ್ಲ."

"ಟವೆಲ್ ನಂದು."

"ಎಷ್ಟು ಚೆನ್ನಾಗಿ ಬರ್ತಿತ್ತು ಗೊತ್ತಾ? ಆಲ್ಬಮ್ಮಿಗೆ ಅದೇ ಜೀವ. ಪಾಪ, ಯಾರೋ ಫೋನಲ್ಲೇ ಪ್ರೀತಿ ಮಾಡಿ ಮುಖಾನೂ ತೋರಿಸದೆ ಕೈಕೊಟ್ಟು ಹೋದನಂತೆ. ಹಾಡ್ತಾ ಹಾಡ್ತಾ ಅವಳೇ ಅತ್ತುಬಿಡ್ತಾಳೆ."

ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ. ತಂಗಿ ಮೈಕಿನ ಮುಂದೆ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ಗೊತ್ತಾಯಿತು.

"ಅಕ್ಕ, ನಿಂದು ಅಂತ ಯಾರಿಗೂ ಗೊತ್ತಾಗಬಾರದು ಅಂತಾನೇ ಹುಡುಗನ್ನ ಮಾಡಿದೆ."

"ನನ್ನ ಕೂಸನ್ನ ಕೈಕೊಟ್ಟು ಹೋದ ಗಂಡಸು ಮಾಡಿದೆಯಲ್ಲೇ," ಅಂದೆ. "ಅವಳು ನನ್ನ ಬಿಟ್ಟು ಹೋದವಳಲ್ಲ. ಅವಳಿಗೆ ಉಸಿರೇ ಬರಲಿಲ್ಲ."

ಗಿಟಾರಿನವಳು ತಲೆ ತಗ್ಗಿಸಿದಳು. ಗುಡುಗು ಬಾಗಿಲಲ್ಲೇ ಗರ ಬಡಿದವನ ಹಾಗೆ ನಿಂತುಬಿಟ್ಟ.

"ತೆಗೆದುಹಾಕ್ತೀನಿ," ಅಂದಳು ತಂಗಿ. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು, "ನಾನೂ ಚಿಕ್ಕಮ್ಮ ಆಗಬೇಕಿತ್ತಲ್ಲ ಅಕ್ಕ. ಯಾರ ಹತ್ರ ಹೇಳ್ಕೊಳ್ಳಲಿ? ನಿನ್ನ ಹತ್ರಾನಾ?"

ನಾನು ಆಚೆ ಬಂದೆ. ಟೀಚರ ತಲೆ ತೊಳೆದೆ. ನನಗೊಬ್ಬಳಿಗೇ ಆದದ್ದು ಅಂದುಕೊಂಡಿದ್ದೆ. ತಂಗಿ ದಿನಾ ನನ್ನ ಹೊಟ್ಟೆಗೆ ಬಾಯಿಟ್ಟು, "ಏನಮ್ಮ ಬಟಾಣಿ, ತಿಂಡಿ ಆಯ್ತಾ?" ಅಂತ ಕೇಳುತ್ತಿದ್ದದ್ದು ನೆನಪಿಗೆ ಬಂತು. ಮೊದಲನೇ ಸ್ಕ್ಯಾನಿನಲ್ಲಿ ಡಾಕ್ಟರು ಬಟಾಣಿ ಕಾಳಿನಷ್ಟಿದೆ ಅಂದಿದ್ದರು. ಆವತ್ತಿಂದ ಅದೇ ಹೆಸರು. ಬೇರೆ ಹೆಸರಿಡುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಈಗ ಹಾಡೂ ಹೋದರೆ ಅವಳು ಇದ್ದಳು ಅನ್ನುವುದಕ್ಕೆ ಈ ಲೋಕದಲ್ಲಿ ಏನೂ ಉಳಿಯುವುದಿಲ್ಲ ಅನ್ನಿಸಿತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಮತ್ತೆ ಒಳಗೆ ಹೋದೆ. "ತೆಗೀಬೇಡ. ಗೆಳೆಯ ಅನ್ನೋ ಕಡೆ ಬಟಾಣಿ ಅನ್ನು."

"ಜನ ನಗ್ತಾರೆ ಅಕ್ಕ."

"ನಗಲಿ ಬಿಡೆ. ನಗೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

ಗುಡುಗು ಬೆರಳಲ್ಲಿ ಮೆಲ್ಲಗೆ ತೊಡೆ ತಟ್ಟಿ ನೋಡಿ, "ತಾಳಕ್ಕೆ ಕೂರುತ್ತೆ," ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿದ್ದೇ ಆಗ.

ಬಾಗಿಲಿಗೆ ಕೆಂಪು ಟವೆಲ್ ಬಿತ್ತು. ನಾನೇ ಹಾಕಿದೆ. ಗಂಡ ಬಣ್ಣ ಬಳಿದ ಗೋಡೆಗೆ ಮುಖ ಮಾಡಿ ತಂಗಿ ಹಾಡಿದಳು. ಆ ಹೆಸರಿನ ಹತ್ತಿರ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಕಡೆಗೆ ಒಂದು ಸಲ ಬಂತು, ಒಡೆದ ದನಿಯಲ್ಲಿ. ಸರಿಮಾಡಲಾ ಅಂತ ಗಿಟಾರಿನವಳು ಕೇಳಿದಳು. ತಂಗಿ ಬೇಡ ಅಂದಳು.

ಆಲ್ಬಂ ಹೊರಗೆ ಬಂದು ಕೆಲವು ತಿಂಗಳಾಗಿತ್ತು. ಒಬ್ಬ ಕಾಲೇಜು ಹುಡುಗಿ ತಲೆ ತೊಳೆಸಿಕೊಳ್ಳಲು ಬಂದಳು. ಬೇಸಿನ್ನಿಗೆ ಕತ್ತು ಆನಿಸಿ, ಕಣ್ಣು ಮುಚ್ಚಿಕೊಂಡು ಅದೇ ಹಾಡು ಗುನುಗುತ್ತಿದ್ದಳು.

"ಈ ಹಾಡು ಕೇಳಿದ್ದೀರಾ ಆಂಟಿ? ಬಟಾಣಿ ಅಂದ್ರೆ ಅವರ ಮನೆ ನಾಯಿಮರಿ ಅಂತೆ. ನನ್ನ ಫ್ರೆಂಡ್ಸೆಲ್ಲ ಹಾಗೇ ಹೇಳ್ತಾರೆ."

ಮೊದಲಿನ ನಾನಾಗಿದ್ದರೆ ನಲ್ಲಿ ಜೋರಾಗಿ ಬಿಟ್ಟು ಸುಮ್ಮನಾಗುತ್ತಿದ್ದೆ. "ನಾಯಿ ಅಲ್ಲಮ್ಮ," ಅಂದೆ. "ಹಾಡಿರೋಳು ನನ್ನ ತಂಗಿ. ಬಟಾಣಿ ನನ್ನ ಮಗಳು."

ನನ್ನ ಮಗಳು ಅಂತ ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಬಾಯಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಸಲ ಹೇಳೋಣ ಅನ್ನಿಸಿತು.

ಹುಡುಗಿಗೆ ಖುಷಿಯೋ ಖುಷಿ. ಹಣೆಗೆ ಇಳಿಯುತ್ತಿದ್ದ ನೊರೆಗೆ ಹೆದರಿ ಕಣ್ಣು ಮಾತ್ರ ಬಿಡಲಿಲ್ಲ. "ಹೌದಾ ಆಂಟಿ? ಯಾರ ಥರ ಇದ್ದಾಳೆ? ನಿಮ್ಮ ಥರಾನಾ, ಅವಳ ಚಿಕ್ಕಮ್ಮನ ಥರಾನಾ?"

ನಲ್ಲಿ ನಿಲ್ಲಿಸಿದೆ.

"ಗೊತ್ತಿಲ್ಲಮ್ಮ," ಅಂದೆ. "ನನಗೆ ತೋರಿಸಲಿಲ್ಲ."