ಮೂರು ಸಾವಿರ ಅಡಿ

ಶ್ರೀವಿದ್ಯಾ ಮರಿಯಪ್ಪನವರನ್ನು ನೋಡಲು ಹೋದದ್ದು ಒಂದು ಸಣ್ಣ ಅನುಮಾನ ಪರಿಹರಿಸಿಕೊಳ್ಳಲು. ಯೂನಿಯನ್‌ವಿಲ್‌ನಲ್ಲಿದ್ದ ಅವಳ ಕಂಪನಿ ವಿಮಾನದ ಸಿಮ್ಯುಲೇಟರ್‌ಗಳನ್ನು ತಯಾರಿಸುತ್ತಿತ್ತು. ಟೊರಾಂಟೊ ಹತ್ತಿರದ ಒಂದು ಮ್ಯೂಸಿಯಂಗೆ ಎರಡನೇ ಮಹಾಯುದ್ಧದ ‘ವೆಂಜನ್ಸ್’ ಡೈವ್ ಬಾಂಬರ್ ವಿಮಾನದ ಸಿಮ್ಯುಲೇಟರ್ ಬೇಕಾಗಿತ್ತು. ಬಂದವರು ಇಬ್ಬಿಬ್ಬರಾಗಿ ಕೂತು, ಪರದೆಯ ಮೇಲಿನ ಗುಡ್ಡದ ಮೇಲೆ ಬಾಂಬು ಹಾಕಿ ಇಳಿದು ಹೋಗಬೇಕು. ಅಷ್ಟೇ.

ವಿಮಾನದ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಬೇಕೆಂದು ಕೇಳಿದವರು ಫ್ರೆಂಚರು. ವಿಮಾನ ತಯಾರಾಗುವ ಮೊದಲೇ ಅವರ ದೇಶ ಸೋತಿತು. ಆಮೇಲೆ ಬ್ರಿಟಿಷರು ಅಮೆರಿಕದಲ್ಲಿ ಕಟ್ಟಿಸಿದರು. ಅದು ಕೈಗೆ ಬರುವ ವೇಳೆಗೆ ಯುರೋಪಿನ ಆಕಾಶದಲ್ಲಿ ಇಂಥ ನಿಧಾನದ ವಿಮಾನಗಳು ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಹಾಗಾಗಿ ಬಹಳಷ್ಟನ್ನು ಬರ್ಮಾ ಗಡಿಗೆ ಕಳಿಸಿದರು. ಅಲ್ಲಿ ಅವುಗಳಲ್ಲಿ ಭಾರತದ ಹುಡುಗರೂ ಹಾರಿದರು. ಗುರಿಯ ನೆತ್ತಿಯ ಮೇಲೆ ಬಂದು, ಮೂಗು ಕೆಳಗೆ ಮಾಡಿ, ಕಲ್ಲು ಬಿದ್ದ ಹಾಗೆ ನೆಟ್ಟಗೆ ಬೀಳುವುದಕ್ಕೆಂದೇ ಅದರ ರೆಕ್ಕೆಗಳನ್ನು ಜೋಡಿಸಿದ್ದರು.

ಗೊತ್ತಿಲ್ಲದ್ದು ಒಂದೇ: ಹಿಂದಿನ ಸೀಟಿನವನಿಗೆ ಆ ಹೊತ್ತಿನಲ್ಲಿ ಏನು ಕಾಣುತ್ತಿತ್ತು? ರಿಚ್ಮಂಡ್ ಹಿಲ್ ದೇವಸ್ಥಾನದ ಹಾಲ್‌ನಲ್ಲಿ ನಡೆದ ರಾಜ್ಯೋತ್ಸವದಲ್ಲಿ ನೂರು ತುಂಬಿದ ಒಬ್ಬ ಹಿರಿಯರಿಗೆ ಶಾಲು ಹೊದಿಸಿದ್ದು ಅವಳಿಗೆ ನೆನಪಾಯಿತು. ವೆಂಜನ್ಸ್‌ನಲ್ಲಿ ಹಾರಿದವರು ಎಂದು ಮೈಕಿನಲ್ಲಿ ಹೇಳಿದ್ದರು.

ಮರಿಯಪ್ಪ ವಿಟ್ಬಿಯಲ್ಲಿ ಮಗಳು ಲೀಲಮ್ಮನ ಜೊತೆಗಿದ್ದರು. ಲೀಲಮ್ಮನಿಗೆ ಎಪ್ಪತ್ತೆರಡು, ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಬಾಗಿಲಲ್ಲೇ ಎಚ್ಚರಿಸಿದರು.

“ಎರಡು ವರ್ಷದ ಹಿಂದೆ ಸ್ಟ್ರೋಕ್ ಆದ್ಮೇಲೆ ಇಂಗ್ಲಿಷ್ ಪೂರ್ತಿ ಹೋಗ್ಬಿಟ್ಟಿದೆ ಅಪ್ಪಂಗೆ. ಮ್ಯೂಸಿಯಂನವರು ಎರಡು ಸಲ ಬಂದು ಸುಮ್ನೆ ಹೋದ್ರು. ಕನ್ನಡದಲ್ಲಿ ಕೇಳು, ಹೇಳ್ತಾರೆ. ಸುಸ್ತು ಮಾಡ್ಬೇಡ.”

ಕಿಟಕಿ ಹತ್ತಿರದ ಕುರ್ಚಿಯಲ್ಲಿ ಮರಿಯಪ್ಪ ಉಲ್ಲನ್ ಟೋಪಿ ಹಾಕಿಕೊಂಡು ಕೂತಿದ್ದರು. ಅವಳು ಫೋನಿನ ರೆಕಾರ್ಡರ್ ಒತ್ತಿ ಮೊದಲು ಎಂಜಿನ್ನಿನ ಬಗ್ಗೆ ಕೇಳಿದಳು.

“ಎಣ್ಣೆ ಕಕ್ತಿತ್ತು ಕಣಮ್ಮ. ಗಾಜಿನ ಮೇಲೆಲ್ಲಾ ಎಣ್ಣೆ. ಮೂಗು ಬೇರೆ ಮೇಲೆತ್ಕೊಂಡೇ ಹಾರೋದು, ಪೈಲಟ್ಟಿಗೆ ಮುಂದೆ ಏನೂ ಕಾಣಾಕಿಲ್ಲ. ಕಾಣೋದು ಬೀಳುವಾಗ ಮಾತ್ರ.” ಅವರು ನಕ್ಕರು. “ಬೀಳೋಕಂತಲೇ ಮಾಡಿದ್ದು ಅದು.”

“ನೀವು ಹಿಂದೆ ಕೂತು ಏನ್ ಮಾಡ್ತಿದ್ರಿ ತಾತ?”

“ಎತ್ತರ ಕೂಗ್ತಿದ್ದೆ. ಬೀಳುವಾಗ ಪೈಲಟ್ಟು ಗುರಿಯಿಂದ ಕಣ್ಣು ಕೀಳಂಗಿಲ್ಲ, ಮೀಟರು ನೋಡಂಗಿಲ್ಲ. ನಾನು ಓದಿ ಹೇಳ್ಬೇಕು. ಹತ್ತು ಸಾವಿರ, ಎಂಟು, ಆರು… ಮೂರು ಸಾವಿರ ಅಂದ ತಕ್ಷಣ ಬಾಂಬು ಬಿಟ್ಟು ಮೇಲಕ್ಕೆ ಎಳೀತಿದ್ದ. ನಾನು ಹೇಳದೆ ಅವನು ಬಿಡ್ತಿರಲಿಲ್ಲ.”

ಅವಳು ಬೇಕಾದ್ದೆಲ್ಲ ಬರೆದುಕೊಂಡಳು. ಎದ್ದೇಳುವ ಮುಂಚೆ, ಮರೆಯದ ಒಂದು ದಾಳಿ ಯಾವುದು ಎಂದು ಸುಮ್ಮನೆ ಕೇಳಿದಳು. ಮ್ಯೂಸಿಯಂನವರು ಕೊಟ್ಟ ಪಟ್ಟಿಯಲ್ಲಿ ಕೊನೆಯ ಪ್ರಶ್ನೆ ಅದೇ ಆಗಿತ್ತು.

ಮರಿಯಪ್ಪ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು. ಲೀಲಮ್ಮ ಕಾಫಿ ಲೋಟ ಎತ್ತಿಕೊಳ್ಳಲು ಬಂದಾಗ ಅವರು ಶುರು ಮಾಡಿದರು.

“ನಲವತ್ತನಾಕನೇ ಇಸವಿ. ಬಿಸಿಲು ಕಾಲ. ಗುಡ್ಡದ ಮೇಲೆ ಜಪಾನಿನವರು. ಕೆಳಗೆ ನಮ್ಮ ಸೈನ್ಯ. ಎಲ್ಲಿ ಹಾಕ್ಬೇಕು ಅಂತ ಗೊತ್ತಾಗ್ಲಿ ಅಂತ ನಮ್ಮೋರು ಗುಡ್ಡಕ್ಕೆ ಬಿಳಿ ಹೊಗೆ ಹಾರಿಸ್ತಿದ್ರು. ಆವತ್ತು ಜಪಾನಿನವರೂ ಬಿಳಿ ಹೊಗೆ ಹಾರಿಸಿದ್ರು. ನಮ್ಮೋರ ಮೇಲೆ.”

ಲೀಲಮ್ಮ ಲೋಟ ಹಿಡಿದುಕೊಂಡೇ ನಿಂತರು.

“ಎರಡು ಹೊಗೆ. ಯಾವುದು ಅಂತ ನೋಡೋಕೆ ಪುರುಸೊತ್ತಿರಲಿಲ್ಲ. ನನ್ನ ಪೈಲಟ್ಟು ಲಾಹೋರಿನ ಹುಡುಗ, ಇಪ್ಪತ್ತೊಂದು ವರ್ಷ. ಪ್ಲೇನ್ ಮಗುಚ್ಕೊಂಡು ಬಿದ್ದ. ನಾನು ಕೂಗ್ತಾ ಇದೀನಿ. ನಾಕು ಸಾವಿರದ ಹತ್ತಿರ ಪಕ್ಕದ ಗಾಜಲ್ಲಿ ಕೆಳಗಡೆ ಕಂಡಿತು. ಹೇಸರಗತ್ತೆ ಸಾಲು. ಜನ. ಓಡ್ತಿರಲಿಲ್ಲ ಅವರು.” ಮರಿಯಪ್ಪ ಎಡಗೈ ಎತ್ತಿ ಆಡಿಸಿದರು. “ಹಿಂಗೆ ಕೈ ಬೀಸ್ತಿದ್ರು. ಶತ್ರು ಆಗಿದ್ರೆ ಓಡ್ತಿದ್ದ. ನಮ್ಮ ಪ್ಲೇನ್ ಅಂತ ಕೈ ಬೀಸಿದ್ರು.”

“ಆಮೇಲೆ?”

“ಬೇಡ ಅನ್ಬೇಕಿತ್ತು. ಬಾಯಿಗೆ ಬಂದಿತ್ತು ಕಣಮ್ಮ. ಆದ್ರೆ ಮೀಟರು ಮೂರು ಸಾವಿರ ತೋರಿಸ್ತು. ಮೂರು ಸಾವಿರ ಅಂದೆ. ಅವನು ಬಿಟ್ಟ.”

ಹದಿನೇಳು ಜನ ಸತ್ತಿದ್ದರು. ವಿಚಾರಣೆ ನಡೆಯಿತು, ಶತ್ರುವಿನ ಹೊಗೆಯ ಮೋಸ ಎಂದು ಬರೆದು ಮುಗಿಸಿದರು. ಆ ಸಂಜೆ ಪೈಲಟ್ಟು ಡೇರೆಗೆ ಬಂದು ಇವರ ಮಂಚದ ಮೇಲೆ ಕೂತನಂತೆ.

“ನಿಂಗೇನಾದ್ರೂ ಕಾಣ್ತಾ ಅಂತ ಕೇಳಿದ. ಇಲ್ಲ ಸಾಬ್, ಹೊಗೆ ಅಂದೆ. ಮತ್ತೆ ಕೇಳಿದ. ಇಲ್ಲ ಅಂದೆ. ಎಂಟು ದಿನ ಆದ್ಮೇಲೆ ನಂಗೆ ಮಲೇರಿಯಾ. ಬೇರೆಯವನ ಜೊತೆ ಹೋದ. ಬಿದ್ದೋನು ಮೇಲೆ ಎಳೀಲೇ ಇಲ್ಲ. ಅವನೇ ಎಳೀಲಿಲ್ವೋ, ಹಿಂದೆ ಕೂತೋನು ಸರಿಯಾಗಿ ಕೂಗಲಿಲ್ವೋ. ಯಾರಿಗೆ ಗೊತ್ತು.”

ಲೀಲಮ್ಮ ಲೋಟವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಶ್ರೀವಿದ್ಯಾ ಹೊರಡುವಾಗ ಅವರು ಬಾಗಿಲಿಗೆ ಬಂದರೂ ಮುಖ ನೋಡಲಿಲ್ಲ.

“ಎಪ್ಪತ್ತೆರಡು ವರ್ಷ ಆಯ್ತು ನಂಗೆ. ಒಂದು ದಿನ ನಂಗೆ ಹೇಳಿಲ್ಲ. ನಿಂಗೆ ಹೇಳಿದ್ರು,” ಎಂದರು. ಸ್ವಲ್ಪ ತಡೆದು, “ಅದನ್ನ ಯಾರಿಗೂ ಕೇಳಿಸ್ಬೇಡ,” ಎಂದರು.

ಮುಂದಿನ ವಾರ ಅವರೇ ಫೋನ್ ಮಾಡಿದರು. ಅಪ್ಪ ಊಟ ಬಿಟ್ಟಿದ್ದಾರೆ, ಆ ಮೆಷಿನ್ನಿನಲ್ಲಿ ಕೂರಬೇಕು ಎಂದು ಹಟ ಹಿಡಿದಿದ್ದಾರೆ ಎಂದರು. ಶ್ರೀವಿದ್ಯಾಗೆ ಬೇಡವೆನ್ನಬೇಕು ಎನಿಸಿತು. ತಾನೇ ಕೆದಕಿದ ಗಾಯ. ಈಗ ಬೇಡ ಎನ್ನಲು ಯಾವ ಬಾಯಿ? ಶನಿವಾರ ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇಲ್ಲದಾಗ ಕರೆತರಲು ಹೇಳಿದಳು.

ವೀಲ್‌ಚೇರಿನಿಂದ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟುವ ಹೊತ್ತಿಗೆ ಇಬ್ಬರು ಹೆಂಗಸರೂ ಬೆವೆತಿದ್ದರು. ಸೀಟು ಅಲುಗುವುದನ್ನೂ ಜೋರು ಶಬ್ದವನ್ನೂ ಶ್ರೀವಿದ್ಯಾ ಮೊದಲೇ ನಿಲ್ಲಿಸಿದ್ದಳು. ಮುಂದೆ ಅವಳೇ ಕೂತಳು. ಪರದೆಯಲ್ಲಿ ಹಸಿರು ಗುಡ್ಡ, ಅದರ ನೆತ್ತಿಯ ಮೇಲೆ ಬಿಳಿ ಹೊಗೆ. ಅವಳು ವಿಮಾನ ನಡೆಸುವ ಕಡ್ಡಿಯನ್ನು ಮುಂದಕ್ಕೆ ತಳ್ಳಿದಾಗ ಆಕಾಶ ಪೂರ್ತಿ ಮಾಯವಾಗಿ ನೆಲ ಎದುರಿಗೆ ನಿಂತಿತು.

“ಟೆನ್ ಥೌಸಂಡ್,” ಎಂದರು ಮರಿಯಪ್ಪ.

ಎರಡು ವರ್ಷದಿಂದ ಒಂದು ಇಂಗ್ಲಿಷ್ ಮಾತು ಆಡದ ಬಾಯಿ. ಆ ದನಿಯಲ್ಲಿ ನಡುಕವೂ ಇರಲಿಲ್ಲ.

“ಏಯ್ಟ್ ಥೌಸಂಡ್. ಸಿಕ್ಸ್. ಫೈವ್. ಫೋರ್.”

ಆಮೇಲೆ ಏನೂ ಬರಲಿಲ್ಲ. ಮೀಟರಿನ ಮುಳ್ಳು ಓಡುತ್ತಿತ್ತು. ಶ್ರೀವಿದ್ಯಾ ಕಾದಳು.

“ಬೇಡ,” ಎಂದರು ಅವರು. “ಬೇಡ, ಬೇಡ, ಸಾಬ್!”

ಅವಳು ಕಡ್ಡಿಯನ್ನು ಎರಡೂ ಕೈಯಲ್ಲಿ ಎಳೆದಳು. ಗುಡ್ಡ ಕೆಳಕ್ಕೆ ಜಾರಿ ಆಕಾಶ ಬಂತು. ಗುರಿ ತಪ್ಪಿತು ಎಂದು ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಲೀಲಮ್ಮ ಅಪ್ಪನ ಹೆಗಲು ಹಿಡಿದುಕೊಂಡು ಅಳುತ್ತಿದ್ದರು.

“ಬಿಡಲಿಲ್ಲ ತಾತ. ಬಾಂಬು ಬಿಡಲಿಲ್ಲ ನಾನು,” ಎಂದಳು ಶ್ರೀವಿದ್ಯಾ.

ಮರಿಯಪ್ಪ ಅವಳನ್ನು ಕನಿಕರದಿಂದ ನೋಡಿದರು. “ಇದು ಆಟ ಕಣಮ್ಮ,” ಎಂದರು. “ಅಲ್ಲಿ ಬಿತ್ತು.”

ಮನೆಗೆ ಹೋಗೋಣ ಎಂದು ಮಗಳಿಗೆ ಹೇಳಿದರು. ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡರು. ಹಿಮ ಸುರಿಯುತ್ತಿದ್ದುದರಿಂದ ಅಂತ್ಯಕ್ರಿಯೆಗೆ ಜನ ಕಡಿಮೆ ಇದ್ದರು. ಕನ್ನಡ ಕೂಟದವರು ‘ವೀರ ಯೋಧ’ ಎಂದು ಬರೆಸಿದ ಹೂವಿನ ಹಾರ ತಂದಿದ್ದರು. ಲೀಲಮ್ಮ ಆ ಎರಡು ಪದಗಳನ್ನು ಓದಿ ಹಾರ ತೆಗೆದುಕೊಂಡರು.

ಶ್ರೀವಿದ್ಯಾ ರೆಕಾರ್ಡಿಂಗನ್ನು ಯಾರಿಗೂ ಕೊಟ್ಟಿರಲಿಲ್ಲ. ತಿಂಗಳ ನಂತರ ಲೀಲಮ್ಮ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಕೊಂಡು ತಾವೇ ಯೂನಿಯನ್‌ವಿಲ್‌ಗೆ ಬಂದರು.

“ಮ್ಯೂಸಿಯಂಗೆ ಕೊಡು. ಆದ್ರೆ ಕಟ್ ಮಾಡೋ ಹಾಗಿಲ್ಲ. ಅಷ್ಟೂ ಕೇಳಿಸ್ಬೇಕು, ಇಲ್ಲಾಂದ್ರೆ ಏನೂ ಬೇಡ.”

“ಆಂಟಿ, ಜನ ಏನಂದ್ಕೋತಾರೋ ಅಂತ ನಿಮಗೆ…”

“ಅಂದ್ಕೊಳ್ಳಲಿ. ಆ ಹದಿನೇಳು ಜನರ ಮನೆಯೋರಿಗೆ ಯಾರು ಹೇಳಿದ್ರು? ನಮ್ಮ ಹುಡುಗರನ್ನ ಜಪಾನಿನೋರು ಕೊಂದ್ರು ಅಂದ್ಕೊಂಡೇ ಅವರೂ ಹೋಗಿರ್ತಾರೆ.”

ಮ್ಯೂಸಿಯಂನವರು ಅನುವಾದ ಓದಿ ಬಹಳ ವಿನಯದಿಂದ ಉತ್ತರ ಬರೆದರು. ಹನ್ನೊಂದು ನಿಮಿಷ ತುಂಬಾ ಉದ್ದ. ಮಕ್ಕಳು ಬರುವ ಜಾಗ. ಎಣ್ಣೆಯ ವಿಷಯ ಹೇಳಿ ನಗುವ ಭಾಗ ಚೆನ್ನಾಗಿದೆ, ಅದೊಂದನ್ನು ಬಳಸಬಹುದೇ? ಲೀಲಮ್ಮ ಆಗದು ಎಂದರು. ರೆಕಾರ್ಡಿಂಗ್ ಮ್ಯೂಸಿಯಂನ ದಾಖಲೆ ಕೋಣೆಗೆ ಹೋಯಿತು. ಕೇಳಬೇಕಾದವರು ಅರ್ಜಿ ಕೊಟ್ಟು ಕೇಳಬಹುದು ಎಂದರು. ಇಲ್ಲಿಯವರೆಗೆ ಯಾರೂ ಕೊಟ್ಟಿಲ್ಲ.

ಸಿಮ್ಯುಲೇಟರ್ ಮಾರ್ಚ್‌ನಲ್ಲಿ ಶುರುವಾಯಿತು. ಒಂದು ಭಾನುವಾರ ಶ್ರೀವಿದ್ಯಾ ಲೀಲಮ್ಮನನ್ನು ಕರೆದುಕೊಂಡು ಹೋದಳು. ಸಾಲು ಉದ್ದವಿತ್ತು. ಬಾಂಬು ಬಿದ್ದಾಗೆಲ್ಲ ಒಳಗಿನಿಂದ ಖುಷಿಯ ಕೂಗು ಕೇಳುತ್ತಿತ್ತು. ಲೀಲಮ್ಮ ಹಗ್ಗದ ಆಚೆ ನಿಂತು ಪರದೆಯನ್ನೇ ನೋಡುತ್ತಿದ್ದರು.

“ಒಂದು ಕೇಳ್ತೀನಿ, ನಿಜ ಹೇಳು,” ಎಂದರು. “ಮೂರ್ನಾಲ್ಕು ಸಾವಿರ ಅಡಿ ಮೇಲಿಂದ ಮನುಷ್ಯರು ಕಾಣ್ತಾರಾ?”

ಶ್ರೀವಿದ್ಯಾ ಆ ಲೆಕ್ಕವನ್ನು ಎಷ್ಟೋ ಸಲ ಮಾಡಿದ್ದಳು. “ಚುಕ್ಕೆ ಥರ ಕಾಣ್ತಾರೆ ಆಂಟಿ. ಕೈ ಬೀಸಿದ್ದು… ಅಷ್ಟು ಸ್ಪೀಡಲ್ಲಿ, ಎರಡು ಸೆಕೆಂಡಲ್ಲಿ… ಕಾಣೋದು ಕಷ್ಟ. ಆಮೇಲೆ ಸುದ್ದಿ ಗೊತ್ತಾದಾಗ ಮನಸ್ಸು ಹಾಗೆ ಕಲ್ಪಿಸ್ಕೊಂಡಿರಬಹುದು. ಖಂಡಿತ ಹೇಳೋಕಾಗಲ್ಲ.”

ಲೀಲಮ್ಮ ತಲೆಯಾಡಿಸಿದರು. ಇನ್ನೊಂದು ಜೋಡಿ ಒಳಗೆ ಹೋಗಿ ಬೆಲ್ಟು ಕಟ್ಟಿಕೊಂಡಿತು.

“ಕಾಣಲಿಲ್ಲ ಅಂತ ಅಪ್ಪ ಬದುಕಿದ್ದಾಗ ನೀನೇ ಹೇಳ್ಬಹುದಿತ್ತಲ್ಲ ಅವರಿಗೆ.”

“ಹೇಳಿದ್ರೆ ನಂಬ್ತಿದ್ರಾ ಆಂಟಿ?”

“ಇಲ್ಲ,” ಎಂದರು ಲೀಲಮ್ಮ. ಕೋಟಿನ ಗುಂಡಿ ಹಾಕಿಕೊಂಡರು. “ನಡಿ. ಫೋರ್ ನಾಟ್ ಒನ್ ಹೈವೇನಲ್ಲಿ ಟ್ರಾಫಿಕ್ ಆಗುತ್ತೆ.”