ಗೆರೆಯ ಮೇಲಿನ ಪೆಟ್ಟಿಗೆ

ಈಗಲೂ ನನ್ನ ಕಣ್ಣ ಮುಂದೆ ನಿಲ್ಲುವುದು ಹಳದಿ ಬೆಳಕಿನ ಆ ಪುಟ್ಟ ಕಿಟಕಿ. ಅದರೊಳಗೆ ಗಾಜಿನ ಬೋಗುಣಿಯೊಂದು ನಿಧಾನವಾಗಿ ಸುತ್ತುತ್ತಿತ್ತು. ಹೊರಗೆ ಆಚೆಗೊಬ್ಬರು ಈಚೆಗೊಬ್ಬರು ಮಣೆ ಹಾಕಿಕೊಂಡು ಕುಳಿತ ಇಬ್ಬರು ಹೆಂಗಸರು ಅದನ್ನೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಹಟ ತೊಟ್ಟವರಿಗೆ ನೋಡಲು ಏನಾದರೊಂದು ಬೇಕಲ್ಲ!

ಹಿರಿಯವರು ನನ್ನ ಅತ್ತೆ ದೇವೀರಮ್ಮ. ಕಿರಿಯವರು ಅವರ ವಾರಗಿತ್ತಿ ಸಣ್ಣತಾಯಮ್ಮ, ನನಗೆ ಚಿಕ್ಕತ್ತೆ. ನಾನು ಸೊಸೆಯಾಗಿ ಹೋಗುವ ಎಷ್ಟೋ ಮೊದಲೇ ಆ ಮನೆಯಲ್ಲಿ ಒಲೆ ಬೇರೆಯಾಗಿತ್ತು. ಅಡುಗೆಮನೆ ಒಂದೇ, ನಡುವೆ ಸುಣ್ಣದ ಗೆರೆ. ಒಬ್ಬರ ಒಲೆಯದನ್ನು ಇನ್ನೊಬ್ಬರು ಉಣ್ಣುವಂತಿರಲಿಲ್ಲ. ಉಂಡರೆ ಮನೆ ಮತ್ತೆ ಒಂದಾದಂತೆ. ಹಾಗೆ ಒಂದಾಗಬೇಕಾದರೆ ಯಾರಾದರೊಬ್ಬರು ಬಾಯಿಬಿಟ್ಟು ಕರೆಯಬೇಕು. ಜಗಳದ ಕಾರಣ ಕೇಳಿದರೆ ಅತ್ತೆ ಒಂದು ಸೌಟಿನ ಕತೆ ಹೇಳುತ್ತಿದ್ದರು, ಚಿಕ್ಕತ್ತೆ ಯಾವುದೋ ನಾಮಕರಣದ ಕತೆ ಹೇಳುತ್ತಿದ್ದರು. ಪಾಲು ಮಾಡಿಕೊಂಡ ಗಂಡಂದಿರಿಬ್ಬರೂ ತೀರಿಹೋಗಿದ್ದರು. ಗೆರೆಗೆ ಮಾತ್ರ ಪ್ರತಿ ಹಬ್ಬಕ್ಕೂ ಹೊಸ ಸುಣ್ಣ ಬೀಳುತ್ತಿತ್ತು.

ಅವರ ಮಾತೆಲ್ಲ ನನ್ನ ಮೂಲಕ ಸಾಗುತ್ತಿತ್ತು. "ಬೆಕ್ಕು ಹಾಲಿಗೆ ಬಾಯಾಕ್ತದೆ ಅಂತ ಆಚೆಯೋರಿಗೆ ಹೇಳು," ಎಂದು ಅತ್ತೆ ಆಚೆಯವರಿಗೆ ಕೇಳುವಂತೆಯೇ ಕೂಗುತ್ತಿದ್ದರು. "ನಮಗೂ ಕಣ್ಣವೆ ಅಂತ ಹೇಳವ್ವ," ಎಂದು ಉತ್ತರ ಬರುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸಂಭಾಷಣೆ ಮುಗಿದೇ ಹೋಗಿರುತ್ತಿತ್ತು.

ಹೀಗಿರುವಾಗ ನನ್ನ ಸೋದರಮಾವ ಉಡುಗೊರೆಯಾಗಿ ಒಂದು ಓವನ್ ಕಳಿಸಿದರು. ಮೈಕ್ರೋವೇವೂ ಅದೇ, ಗ್ರಿಲ್ಲೂ ಅದೇ. ಬೇಕೆಂದರೆ ಎರಡೂ ಒಟ್ಟಿಗೆ ನಡೆಯುವ ಕಾಂಬಿನೇಷನ್. ಅಡುಗೆಮನೆಯಲ್ಲಿದ್ದ ಒಂದೇ ಒಂದು ಪ್ಲಗ್ಗು ಗೆರೆ ಹೋಗಿ ಗೋಡೆಗೆ ತಾಗುವ ಕಡೆಯೇ ಇತ್ತು. ಗಿಡ್ಡ ಮೇಜಿನ ಮೇಲೆ ಓವನ್ನು ಅರ್ಧ ಆಚೆ, ಅರ್ಧ ಈಚೆ ಕುಳಿತಿತು. ಈಗ ಎದ್ದ ಪ್ರಶ್ನೆ ಒಂದೇ: ಇದು ಒಲೆಯೋ, ಅಲ್ಲವೋ?

ಅತ್ತೆ ಬಗ್ಗಿ ಒಳಗೆ ಇಣುಕಿದರು. "ಬೆಂಕಿ ಇಲ್ಲ, ಹೊಗೆ ಇಲ್ಲ, ಬೂದಿ ಇಲ್ಲ. ಇದ್ಯಾವ ಸೀಮೆ ಒಲೆ? ಇದು ಪೆಟ್ಟಿಗೆ."

"ಪೆಟ್ಟಿಗೆಗೆ ಪಾಲಿಲ್ಲ ಅನ್ನವ್ವ," ಎಂದರು ಚಿಕ್ಕತ್ತೆ. ನಾನು ಕಂಡಂತೆ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

ಅಂದಿನಿಂದ ಅತ್ತೆಯ ಉಪ್ಪಿಟ್ಟು, ಚಿಕ್ಕತ್ತೆಯ ಹುರುಳಿಕಾಳು ಸರದಿಯಂತೆ ಒಳಗೆ ಹೋಗಿ ಬರತೊಡಗಿದವು. ಅದು ಬೀಪ್ ಎಂದಾಗಲೆಲ್ಲ ಅತ್ತೆ, "ಬಂದೆ ಕಣಪ್ಪ, ಬಡ್ಕೋಬೇಡ," ಎಂದು ಓಗೊಡುತ್ತಿದ್ದರು. ರಾಗಿಮುದ್ದೆ ಮಾತ್ರ ಅದಕ್ಕೆ ಒಗ್ಗಲಿಲ್ಲ. ಹಿಟ್ಟು ಗಂಟುಗಂಟಾಗಿ ಬಂದ ದಿನ ಅತ್ತೆ, "ತಿರುವೋ ಕೈ ಇಲ್ದೆ ತಟ್ಟೆ ತಿರುಗಿ ಏನ್ ಬಂತು?" ಎಂದು ತೀರ್ಪು ಕೊಟ್ಟರು. ಆದರೂ ದಿನವೂ ಆ ಹಳದಿ ಕಿಟಕಿಯ ಮುಂದೆ ಇಬ್ಬರೂ ಹಾಜರು. ಕುದಿಯುವುದು ಯಾರದೇ ಆಗಲಿ, ನೋಡುವವರು ಇಬ್ಬರು.

ಒಂದು ದಿನ ಚಿಕ್ಕತ್ತೆ ನನ್ನನ್ನು ಕರೆದು, ಅತ್ತೆಗೆ ಕೇಳುವಂತೆ ಹೇಳಿದರು: "ತಮ್ಮ ಕೆಂಪರಾಜು ಬರ್ತಾನೆ. ಅವನ ಮನೇಲೇ ಇದ್ಬಿಡ್ತೀನಿ. ಒಬ್ಬಳ ಹೊಟ್ಟೆಗೆ ಒಂದು ಒಲೆ ಯಾಕವ್ವ ಉರೀಬೇಕು?"

"ಹೋಗೋರಿಗೆ ದಾರಿ ಬಿಡು," ಎಂದರು ಅತ್ತೆ ನನಗೆ. ಅಂದು ಅವರು ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ನನಗಂತೂ ಅಳು ಬಂತು. ಮಕ್ಕಳಿಲ್ಲದ ಚಿಕ್ಕತ್ತೆ ಹೋದರೆ ಅತ್ತೆ ಸೊರಗುತ್ತಾರೆಂದು ನನಗೆ ಗೊತ್ತಿತ್ತು. ಇರು ಎನ್ನಲು ಇವರಿಗೆ ಬಾಯಿಲ್ಲ, ಇರುತ್ತೇನೆ ಎನ್ನಲು ಅವರಿಗೆ ಮನಸ್ಸಿಲ್ಲ. ಇಬ್ಬರ ಬಿಗುಮಾನವನ್ನೂ ಕುಟ್ಟಲು ಒಂದು ಒನಕೆ ಸಾಲುತ್ತಿರಲಿಲ್ಲ.

ಕೆಂಪರಾಜು ಬರುವ ದಿನ ಇಬ್ಬರಿಗೂ ಒಂದೇ ಹೊತ್ತಿಗೆ ಪೆಟ್ಟಿಗೆ ಬೇಕಾಯಿತು. ಅತ್ತೆಗೆ ಎಣ್ಣೆಗಾಯಿ ಸುಡಬೇಕು, ಚಿಕ್ಕತ್ತೆಗೆ ಅನ್ನ ಆಗಬೇಕು. ಸಾಕಾಗಿ ನಾನೇ ಹೇಳಿದೆ: "ಒಟ್ಟಿಗೇ ಇಡಿ. ಮೇಲೆ ತಂತಿ ತಟ್ಟೆ, ಕೆಳಗೆ ಬೋಗುಣಿ. ಹೇಗೂ ಪೆಟ್ಟಿಗೆ ತಾನೆ?" ಮಸಾಲೆ ತುಂಬಿದ ಬದನೆಕಾಯಿಗಳು ತಂತಿಯ ಮೇಲೆ ಕುಳಿತವು. ಮುಚ್ಚಳ ಮುಚ್ಚಿದ ಬೋಗುಣಿ ಕೆಳಗೆ ಹೋಯಿತು. ಚಿಕ್ಕತ್ತೆ ಗೋಡೆಯ ಕಡೆ ತಿರುಗಿ ಕರಿಬೇವು ಬಿಡಿಸುತ್ತ ಕುಳಿತರು. "ನೀನು ಬಟ್ಟೆ ಹರವೋಗು, ಗುಂಡಿ ನಾನೇ ಒತ್ತೀನಿ," ಎಂದು ಅತ್ತೆ ನನ್ನನ್ನು ಹೊರಗೆ ಕಳಿಸಿದರು.

ಬೀಪ್ ಕೇಳಿ ಬಂದು ಬಾಗಿಲು ತೆರೆದರೆ, ಬೋಗುಣಿಗೆ ಮುಚ್ಚಳವೇ ಇರಲಿಲ್ಲ! ಬದನೆಕಾಯಿಯ ಎಣ್ಣೆ, ಮಸಾಲೆ ಎಲ್ಲ ಸೋರಿ ಅನ್ನ ಕೆಂಪಗಾಗಿತ್ತು. ಅದು ಯಾರ ಅಡುಗೆಯೆಂದು ಯಾವ ಪಂಚಾಯಿತಿಯೂ ಹೇಳುವಂತಿರಲಿಲ್ಲ. ಅನ್ನ ಚೆಲ್ಲಿದರೆ ಪಾಪ. ಒಲೆಯದಲ್ಲವಾದ್ದರಿಂದ ಉಂಡರೆ ತಪ್ಪೂ ಇಲ್ಲ. ಗೆರೆಯ ಆಚೆ ಈಚೆ ತಟ್ಟೆ ಹಾಕಿದೆ.

ಚಿಕ್ಕತ್ತೆ ಒಂದು ತುತ್ತು ಬಾಯಿಗಿಟ್ಟರು. "ಅಕ್ಕ, ಬದನೇಕಾಯಿಗೆ ಉಪ್ಪಿಲ್ಲ."

ಮಾತು ನನಗಾಗಿರಲಿಲ್ಲ. ನೇರವಾಗಿ ಅತ್ತೆಗೇ ಆಗಿತ್ತು. ನಾನು ಸೌಟು ಹಿಡಿದವಳು ಹಾಗೆಯೇ ನಿಂತೆ.

"ಉಪ್ಪಿಲ್ವಾ? ನನ್ನ ಕೈ ಅಡುಗೇಗೆ ಉಪ್ಪಿಲ್ವಾ? ನಿನ್ನ ಸಪ್ಪೆ ಅನ್ನಕ್ಕೆ ಬಿದ್ದು ನನ್ನ ಮಸಾಲೆ ಕೆಡ್ತು!"

"ಬೀಳ್ಸಿದ್ಯಾರು? ಎಣ್ಣೆ ಸೋರ್ತದೆ ಅಂತ ಗೊತ್ತಿದ್ದೂ ಮುಚ್ಚಳ ತೆಗ್ದಿದ್ಯಾರು? ನಂಗೆ ಬೆನ್ನಲ್ಲೂ ಕಣ್ಣವೆ ಅಕ್ಕ!"

ಅತ್ತೆಯ ಮುಖ ಕೆಂಪಾಯಿತು. ಆದರೆ ಸೋಲುವ ಹೆಂಗಸಲ್ಲ. "ಸರಿ ಕಣಮ್ಮ. ನೀನು, ನಿನ್ನ ತಮ್ಮ ಇಬ್ರೇ ಉಣ್ಣೋಕೆ ಮನೆ ಮಂದಿಗೆಲ್ಲ ಆಗೋವಷ್ಟು ಅಕ್ಕಿ ಹಾಕಿದ್ಯಾರು?"

ಆಗ ನಾನು ಬೋಗುಣಿಯ ಕಡೆ ನೋಡಿದೆ. ಅನ್ನ ಅಂಚಿನವರೆಗೂ ಉಕ್ಕಿ ನಿಂತಿತ್ತು. ಚಿಕ್ಕತ್ತೆ ತಲೆ ತಗ್ಗಿಸಿದರು. ಮರುಗಳಿಗೆ ಮೊದಲು ಯಾರು ನಕ್ಕರೋ ತಿಳಿಯದು, ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ಮುಗಿದದ್ದೇ ತಡ, ಉಪ್ಪಿನ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಎಷ್ಟೋ ವರ್ಷದ ಬಾಕಿ ಮಾತು ಅದು.

ಆ ಗದ್ದಲದ ನಡುವೆಯೇ ಕೆಂಪರಾಜು ಬಾಗಿಲಲ್ಲಿ ನಿಂತ. "ಸರಿಯಾದ ಹೊತ್ತಿಗೇ ಬಂದೆ. ನಡಿ ಅಕ್ಕ, ಈ ಮನೆ ಸವಾಸ ಸಾಕು," ಎಂದ.

"ಮೊದ್ಲು ಕೈಕಾಲು ತೊಳ್ಕೊಂಡ್ ಬಾ!" ಎಂದು ಇಬ್ಬರೂ ಒಂದೇ ಉಸಿರಿಗೆ ಗದರಿದರು. ಅವನು ಕಕ್ಕಾಬಿಕ್ಕಿಯಾಗಿ ತೊಳೆದುಕೊಂಡು ಬಂದು ಕುಳಿತ, ಎರಡು ಕಡೆಯಿಂದಲೂ ಬಡಿಸಿಕೊಂಡ, ಉಪ್ಪಿನ ಸುದ್ದಿಯನ್ನೇ ಎತ್ತದೆ ಉಂಡ.

ಕೈ ತೊಳೆದು ಬಂದು, "ಹೊರಡಣ್ವಾ?" ಎಂದು ಕೇಳಿದ.

ಚಿಕ್ಕತ್ತೆ ಮೂಲೆಯಲ್ಲಿದ್ದ ದೊಡ್ಡ ಬೇಸಿನ್ನನ್ನು ಮುಂದಕ್ಕೆ ಎಳೆದುಕೊಂಡರು. ಅದರ ತುಂಬ ನೆನೆದ ಅವರೆಕಾಳು. "ಕಾಳು ನೆನೆಹಾಕ್ಬಿಟ್ಟಿವ್ನಲ್ಲೋ. ಇವತ್ತು ಹಿತಕದಿದ್ರೆ ಹಳಸೋಯ್ತದೆ. ಹೆಂಗ್ ಬರ್ಲಿ?"

"ಹಂಗಾದ್ರೆ ನಾಳೆ?"

"ನಾಳೆಗೂ ನೆನೆಹಾಕ್ತಾಳೆ," ಎಂದರು ಅತ್ತೆ, ಬೇಸಿನ್ನಿಗೆ ಕೈ ಹಾಕುತ್ತ.

ಕೆಂಪರಾಜು ಇಬ್ಬರನ್ನೂ ಒಂದು ಸಲ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ತಾನೂ ಒಂದು ಹಿಡಿ ಕಾಳು ಎತ್ತಿಕೊಂಡ. ನಾನೂ ಹೋಗಿ ಕುಳಿತೆ. ಸಿಪ್ಪೆಯಿಂದ ಜಾರಿದ ಬೇಳೆ ಪುಳಕ್ ಪುಳಕ್ ಎಂದು ನಡುವಿನ ಪಾತ್ರೆಗೆ ಬೀಳುತ್ತಿತ್ತು. ಯಾವುದನ್ನು ಯಾರು ಹಿತಕಿದರೆಂದು ಯಾರೂ ನೋಡುತ್ತಿರಲಿಲ್ಲ.